ಜಟಣ್ಣನ ಮುಡಿ

ಮಲ್ಲಿಪಟ್ಟಣ
3 ಮಾರ್ಚ್ 2025

ಪ್ರೀತಿಯ ತಮ್ಮ ಮಂಜೇಶನಿಗೆ,

ನಿನ್ನ ಅಡುಗೆ ಮಾಡುವ ಮಾದಮ್ಮ ಹಾಸನದ ಸಂತೆಯಿಂದ ಫೋನ್ ಮಾಡಿದ್ದಳು. ಗಂಟಲು ಕೆಟ್ಟು ಡಾಕ್ಟರು ನಿನ್ನ ಮಾತು ನಿಲ್ಲಿಸಿದ್ದಾರಂತೆ. ಸ್ಟೇಜಿನ ಮೇಲೆ ಹಾಡುವುದೊಂದು ಬಿಟ್ಟು ಬಾಯಿ ಬಿಡಬಾರದಂತೆ. ನಿನ್ನ ಫೋನು ಮ್ಯಾನೇಜರ್ ಪಾಲಾಕ್ಷನ ಜೇಬಿನಲ್ಲಿರುತ್ತದಂತೆ. "ಕಾಗ್ದ ಬರೀರಿ ಅಕ್ಕೋ, ನನ್ನೆಸ್ರಿಗೆ ಆಕಿ, ನಾನು ಕೊಡ್ತೀನಿ" ಅಂದಳು. ಅದಕ್ಕೇ ಬರೆಯುತ್ತಿದ್ದೇನೆ. ಅಂಗನವಾಡಿಯಲ್ಲಿ ಮಕ್ಕಳ ತೂಕ ಬರೆದು ಬರೆದು ನನ್ನ ಅಕ್ಷರ ಸೊಟ್ಟಗಾಗಿದೆ, ಸಹಿಸಿಕೋ.

ನೀನಿರುವ ಮೊಸಳೆ ಊರಿನ ಬಂಗಲೆಯಿಂದ ಬೆಳಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ಆದರೂ ನಿನ್ನ ಮುಖ ನೋಡಿ ವರ್ಷವಾಯಿತು. ಬ್ಯಾನರಿನ ಮುಖವಾದರೆ ಅರಕಲಗೂಡಿನ ಬಸ್ ಸ್ಟ್ಯಾಂಡಿನಲ್ಲಿ ದಿನವೂ ಸಿಗುತ್ತದೆ. 'ಜಟಾ' ಬ್ಯಾಂಡಿನ ಜಟಣ್ಣ, ಕೂದಲು ಗಾಳಿಗೆ, ಬಾಯಿ ಆಕಾಶಕ್ಕೆ. ಹೋದ ವಾರ ಅದಕ್ಕೆ ಯಾರೋ ಬಿಯರ್ ಅಭಿಷೇಕ ಮಾಡಿದ್ದರು, ನೊಣ ಮುತ್ತಿತ್ತು. ನೋಡಲಾರದೆ ಸೆರಗಿನಲ್ಲಿ ಒರೆಸಿ ಬಂದೆ.

ಇಲ್ಲಿ ನೀನು ಬೆಳೆದ ಮನೆ ಈಗ ಯಾತ್ರಾಸ್ಥಳ. ಬಂದವರು ಸೂರಿನ ಹೆಂಚು ಕಿತ್ತುಕೊಂಡು ಹೋಗುತ್ತಾರೆ. ನಿನ್ನ ಭಾವನ ಹಳೇ ಚಪ್ಪಲಿಯನ್ನು ನಿನ್ನದೆಂದು ಕದ್ದರು. ಅವರಿಗೆ ಸಿಟ್ಟಿಗಿಂತ ಹೆಮ್ಮೆಯೇ ಜಾಸ್ತಿ. ಅವ್ವ ಮಾತ್ರ ಪಂಜರದ ಕೋಳಿಯಾಗಿದ್ದಾಳೆ. ಜಗುಲಿಯ ಮೇಲೆ ಕೂತು ಎಲೆಯಡಿಕೆ ಹಾಕುವಂತಿಲ್ಲ, ವಿಡಿಯೋ ಮಾಡುತ್ತಾರೆ. ಬಚ್ಚಲಿಗೆ ಹೋಗುವಾಗಲೂ ಕಿಟಕಿ ಮುಚ್ಚಬೇಕು.

ಇಷ್ಟಕ್ಕೆಲ್ಲ ಅವಳು ಒಂದೇ ಕಾರಣ ಹೇಳುತ್ತಾಳೆ. "ಬೀರಪ್ಪನ ಮುಡಿ ಬಾಕಿ ಮಡಿಕ್ಕಂಡು ಮೆರೀತಾವ್ನೆ ಕಣೆ, ದ್ಯಾವ್ರು ಗಂಟ್ಲು ಇಡ್ಕಂಡವ್ನೆ." ನಿನಗೆ ನೆನಪಿರಲಾರದು. ಮಿದುಳು ಜ್ವರದಲ್ಲಿ ನೀನು ಕಣ್ಣು ಮೇಲೆ ಮಾಡಿದ್ದಾಗ, ಮಗು ಉಳಿದರೆ ಅದರ ಕೂದಲು ನಿನಗೇ ಎಂದು ಅವ್ವ ಮನೆದೇವರು ಬೀರಪ್ಪನಿಗೆ ಹರಕೆ ಹೊತ್ತಳು. ಅಂದಿನಿಂದ ನಿನ್ನ ತಲೆಗೆ ಕತ್ತರಿ ಸೋಕಿಲ್ಲ. ಮುಡಿ ಕೊಡುವ ಹೊತ್ತಿಗೆ ಸೋದರಮಾವ ತೊಡೆ ಕೊಡಲಿಲ್ಲ. ಮಾವ ತೊಡೆಯ ಮೇಲೆ ಕೂರಿಸಿಕೊಂಡರೇ ಮಗುವಿನ ಮುಡಿ ತೆಗೆಯುವುದು, ತೊಡೆಯಿಲ್ಲದೆ ಮುಡಿಯಿಲ್ಲ. ನನ್ನನ್ನು ತನ್ನ ಮಗ ಕುಮಾರನಿಗೆ ಕೊಡಲಿಲ್ಲವೆಂದು ಪುಟ್ಟಸ್ವಾಮಿ ಮಾವನಿಗೆ ಮುನಿಸು. ಅಂದರೆ, ತಮ್ಮಾ, ನಿನ್ನ ಕೀರ್ತಿಗೆ ಮೂಲ ನನ್ನ ಮದುವೆ. ನಿನ್ನ ಹಾಡುಗಳಲ್ಲಿ ನನಗೊಂದು ಸಾಲನ್ನಾದರೂ ಕೊಡಬಹುದಿತ್ತು.

ಒಮ್ಮೆ ಬಾ. ಅವ್ವನ ಎದೆಯ ಮೇಲಿನ ಕಲ್ಲು ಇಳಿಸು.

ನಿನ್ನ ದಾರಿ ಕಾಯುವ ಅಕ್ಕ,
ಪುಷ್ಪಾವತಿ


ಮೊಸಳೆ
21 ಮಾರ್ಚ್ 2025

ಅಕ್ಕ,

ನಿನ್ನ ಕಾಗದವನ್ನು ಮಾದಮ್ಮ ದಂಟಿನ ಸೊಪ್ಪಿನ ಕಟ್ಟಿನಲ್ಲಿಟ್ಟು ತಂದಳು. "ಓದ್ಬುಟ್ಟು ಒಲೆಗಾಕಿ ಸಾ" ಅಂದಳು. ಹಾಕಲಿಲ್ಲ, ದಿಂಬಿನ ಚೀಲದೊಳಗಿದೆ.

ಇಲ್ಲಿ ನನ್ನನ್ನು ಯಾರೂ ಕಟ್ಟಿಹಾಕಿಲ್ಲ. ಬಾಗಿಲು ತೆರೆದೇ ಇದೆ. ಬಾಗಿಲ ಹೊರಗೆ ಬೌನ್ಸರ್‌ಗಳು, ಅವರ ಹೊರಗೆ ಅಭಿಮಾನಿಗಳು, ಅಷ್ಟೆ. ಮಹಡಿಯಿಂದ ಊರಿನ ಎರಡು ಗುಡಿಗಳು ಕಾಣುತ್ತವೆ, ಒಂದರ ಪಕ್ಕ ಒಂದು, ನಾವಿಬ್ಬರೂ ಜಗುಲಿಯ ಮೇಲೆ ಕೂರುತ್ತಿದ್ದ ಹಾಗೆ. ಒಂದು ಸಲ ಹೋಗಿದ್ದೆ. ಜನ ನುಗ್ಗಿದ ರಭಸಕ್ಕೆ ಪೂಜಾರಿಯ ಕೈಯ ಆರತಿ ತಟ್ಟೆ ಬಿತ್ತು. ಅವರ ಕಾಲಿನ ಮೇಲೆ ಎಣ್ಣೆ ಚೆಲ್ಲಿ ಬೊಬ್ಬೆ ಎದ್ದಿತು. ಮತ್ತೆ ಹೋಗಲಿಲ್ಲ.

ಪ್ರತಿ ಶೋನಲ್ಲೂ ಒಂದು ಗಿಟಾರ್ ಒಡೆಯಬೇಕು. ಒಡೆಯುವುದಕ್ಕೆಂದೇ ಅಗ್ಗದ ಗಿಟಾರುಗಳ ಒಂದು ರಾಶಿ ಗ್ಯಾರೇಜಿನಲ್ಲಿದೆ. ಅಪ್ಪ ಇದ್ದಿದ್ದರೆ ಎರಡು ಬಿಗಿಯುತ್ತಿದ್ದ. ಕುಡಿಯುವ ಬಾಟಲಿಯಲ್ಲಿ ಮೊದಮೊದಲು ಬೆಲ್ಲದ ನೀರು ಇರುತ್ತಿತ್ತು, ನೋಡುವವರಿಗೆ ಚೆಂದ ಅಂತ. ಬೆಲ್ಲದ ನೀರು ಯಾವಾಗ ನಿಂತಿತೋ ನನಗೂ ತಿಳಿಯದು. ಈಗ ನಿದ್ದೆಗೊಂದು ಮಾತ್ರೆ, ಏಳುವುದಕ್ಕೊಂದು ಮಾತ್ರೆ. ಒರೆಸಿಕೊಂಡು ಎಸೆದ ಟವೆಲ್ಲನ್ನು ಹರಿದು ಹಂಚಿಕೊಳ್ಳುತ್ತಾರೆ. ಅದನ್ನು ನೋಡಿದಾಗೆಲ್ಲ ಒಂದು ದಿನ ನನ್ನನ್ನೂ ಹಾಗೇ ಹಂಚಿಕೊಳ್ಳುತ್ತಾರೆ ಎಂದು ಭಯವಾಗುತ್ತದೆ.

ಕೂದಲಿನ ವಿಷಯ. ಕಂಪನಿಯ ಕರಾರಿನಲ್ಲಿ ನನ್ನ ಹೆಸರಿಗಿಂತ ಜಾಸ್ತಿ ಸಲ ಕೂದಲಿನ ಹೆಸರಿದೆ. ಕತ್ತರಿಸಬಾರದು, ಬಣ್ಣ ಬದಲಿಸಬಾರದು. ಡಿಸೆಂಬರಿಗೆ ಕರಾರು ಮುಗಿಯುತ್ತದೆ. ಅಲ್ಲಿಯವರೆಗೆ ಅವ್ವನನ್ನು ಸಮಾಧಾನ ಮಾಡು.

ಮಂಜ


ಮಲ್ಲಿಪಟ್ಟಣ
10 ಏಪ್ರಿಲ್ 2025

ಮಂಜ,

ಡಿಸೆಂಬರಿಗೆ ಅಂದೆ. ಅವ್ವನಿಗೆ ಓದಿ ಹೇಳಿದೆ, ಮಾತ್ರೆಯ ಮಾತು ಬಿಟ್ಟು. ಅವಳು ಎದ್ದು ಹೋಗಿ ಒಲೆಯ ಮುಂದೆ ಕೂತಳು. ಒಲೆ ಹಚ್ಚಿರಲಿಲ್ಲ. ನನಗೆ ಸಂಕಟ ತಡೆಯಲಾಗದೆ ಮಾರನೇ ದಿನವೇ ಚನ್ನರಾಯಪಟ್ಟಣದ ಬಸ್ಸು ಹತ್ತಿದೆ.

ಪುಟ್ಟಸ್ವಾಮಿ ಮಾವ ಮನೆ ಮುಂದೆ ಕೊಬ್ಬರಿ ಒಣಹಾಕಿ ಕಾಗೆ ಕಾಯುತ್ತಿದ್ದರು. ನನ್ನನ್ನು ನೋಡಿಯೂ ನೋಡದ ಹಾಗೆ ಕಾಗೆಯನ್ನೇ ಬೈದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗೆ. ನಾನೂ ನಿನ್ನ ಅಕ್ಕ ತಾನೆ, ಕೋಲು ಹಿಡಿದು ಪಕ್ಕದಲ್ಲೇ ಕೂತು ಕಾಗೆ ಓಡಿಸಿದೆ. ಕೊನೆಗೆ ಅವರೇ ಬಾಯಿ ಬಿಟ್ಟರು.

"ಏನವ್ವಾ, ದಾರಿ ತಪ್ಪಿ ಬಂದ್ಯಾ?"

"ತೊಡೆ ಕೇಳಕ್ ಬಂದಿವ್ನಿ ಮಾವ."

"ಈಗ್ಲಾ? ಅವ್ನ್ನ ಕೂರುಸ್ಕಂಡ್ರೆ ನನ್ ತೊಡೆ ಉಳಿದದಾ?"

ನಾನು ನಕ್ಕುಬಿಟ್ಟೆ. ಅವರೂ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ಆ ಸಿಟ್ಟಿನಲ್ಲಿ ಒಬ್ಬಳೇ ತಂಗಿಯ ಮನೆ ಮೆಟ್ಟಿಲು ಮರೆತೆನಲ್ಲ ಅಂದರು. ಕುಮಾರ ಒಳಗಿನಿಂದ ಕಾಫಿ ತಂದ. ಅವನ ತಲೆ ಪೂರಾ ಬೋಳಾಗಿದೆ. ಇವನನ್ನು ಕಟ್ಟಿಕೊಂಡಿದ್ದರೆ ದೇವರಿಗೆ ಕೊಡಲು ಏನೂ ಇರುತ್ತಿರಲಿಲ್ಲ ಅಂತ ಮನಸ್ಸಿನಲ್ಲೇ ಅಂದುಕೊಂಡೆ. ತಮಾಷೆಗೆ ಬರೆದೆ, ಯಾರಿಗೂ ಹೇಳಬೇಡ.

ಮಾವ ಒಪ್ಪಿದ್ದಾರೆ. ಕರಾರು ಕಂಪನಿಯದು, ಹರಕೆ ಅದಕ್ಕಿಂತ ಹಳೆಯದು. ಮಂಜ, ಬಿಡಿಸಿ ಹೇಳುತ್ತೇನೆ. ಅವ್ವನಿಗೆ ಹರಕೆಯ ಚಿಂತೆ. ನನಗೆ ನಿನ್ನ ಚಿಂತೆ. ಆ ಕೂದಲು ಹೋದರೆ ಜಟಣ್ಣ ಹೋಗುತ್ತಾನೆ, ನನ್ನ ತಮ್ಮ ಉಳಿಯುತ್ತಾನೆ ಅಂತ ನನಗನ್ನಿಸುತ್ತದೆ.

ಅಕ್ಕ


ಮೊಸಳೆ
2 ಮೇ 2025

ಅಕ್ಕ,

ನಿನ್ನ ಕೊನೆಯ ಸಾಲನ್ನು ಓದಿದ ಮೇಲೆ ಬಹಳ ದಿನ ಬರೆಯಲಾಗಲಿಲ್ಲ. ಜಟಣ್ಣ ಹೋಗಲಿ ಅಂತ ನಾನು ನಿಜವಾಗಿ ಬಯಸುತ್ತೇನೆಯೇ?

ಶಾಲೆಯಲ್ಲಿ ನನ್ನ ಜಡೆ ಎಳೆಯದ ಹುಡುಗರಿರಲಿಲ್ಲ. "ಏನಮ್ಮೀ" ಅಂತ ಕರೆಯುತ್ತಿದ್ದರು. ನೀನು ಬೆಳಗ್ಗೆ ಎಣ್ಣೆ ಹಚ್ಚಿ ಬಿಗಿದು ಕಟ್ಟುತ್ತಿದ್ದೆ, ನಾನು ಅಳುತ್ತಾ ಹೋಗುತ್ತಿದ್ದೆ. ಅರಕಲಗೂಡಿನ ಕಾಲೇಜ್ ಡೇ ದಿನ ಹಾಡುತ್ತಾ ಹಾಡುತ್ತಾ ಜಡೆ ಬಿಚ್ಚಿಕೊಂಡಿತು. ನಾಚಿಕೆಯಿಂದ ತಲೆ ಕೊಡವಿದೆ. ಎದುರಿಗಿದ್ದವರೆಲ್ಲ ಒಟ್ಟಿಗೆ ಕಿರುಚಿದರು. ಜಡೆ ಎಳೆದಿದ್ದವರೇ ಬೆಂಚು ಹತ್ತಿ ಕುಣಿದರು. ಅಕ್ಕ, ಆ ಕಿರುಚಾಟ ಮೈಯೊಳಗೆ ಹೊಕ್ಕರೆ ಮತ್ತೆ ಹೊರಗೆ ಹೋಗುವುದಿಲ್ಲ. ಇವತ್ತಿಗೂ ನಾನು ಎಡಕ್ಕೆ ವಾಲಿದರೆ ಮೈದಾನವೇ ಎಡಕ್ಕೆ ವಾಲುತ್ತದೆ. ಯಾವ ಅಪ್ಪ, ಯಾವ ಮೇಷ್ಟ್ರು, ಯಾವ ಮಂತ್ರಿಗೂ ಅದು ಸಿಗುವುದಿಲ್ಲ. ಅದು ನನಗೆ ಇಷ್ಟ. ಸುಳ್ಳು ಹೇಳಲಾರೆ.

ಆದರೆ ಹೋದ ವಾರ ಹೊಳೆನರಸೀಪುರದ ಶೋನಲ್ಲಿ ನಡುವೆ ಸ್ವರ ನಿಂತಿತು. ಬಾಯಿ ಆಡುತ್ತಿದೆ, ಏನೂ ಬರುತ್ತಿಲ್ಲ. ಒಬ್ಬರಿಗೂ ತಿಳಿಯಲಿಲ್ಲ. ನಾನು ತಲೆ ಕೊಡವಿದೆ, ಅವರು ಕಿರುಚಿದರು. ನನ್ನ ಹಾಡು ಅವರಿಗೆ ಬೇಕಾಗಿಯೇ ಇರಲಿಲ್ಲ.

ಬರುತ್ತೇನೆ. ಹನ್ನೆರಡನೇ ತಾರೀಕು, ಸೋಮವಾರ, ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಅಲ್ಲಿ ಹಿಂದಿನ ಬಾಗಿಲಿದೆ. ಮಾದಮ್ಮನ ಅಣ್ಣ ರಾಮಣ್ಣನದು ಆಟೋ. ಮಾವನಿಗೆ ಹೇಳು, ತೊಡೆಗೆ ದಿಂಬು ಇಟ್ಟುಕೊಳ್ಳಲಿ.

ಮಂಜ


ಮೊಸಳೆ
24 ಮೇ 2025

ಅಕ್ಕ,

ಕ್ಷೇಮವಾಗಿ ತಲುಪಿದೆ. ಪಾಲಾಕ್ಷ ಬೈಯಲಿಲ್ಲ. ನನ್ನ ಬೋಳುತಲೆಯನ್ನು ಒಂದು ಸುತ್ತು ನೋಡಿ, "ಚೆನ್ನಾಗ್ ಆಯ್ತು ಬಿಡಿ ಸಾ, ತಲೆ ತಂಪಾಗ್ತದೆ" ಅಂದ. ಅಷ್ಟೇ.

ಕನ್ನಡಿಯಲ್ಲಿ ಅಪ್ಪನ ಮುಖ ಕಾಣುತ್ತಿದೆ. ಮಾವನ ತೊಡೆ ನೆನೆದರೆ ಈಗಲೂ ನಗು. ನಾನು ಅರ್ಧ ಭಾರವನ್ನು ನೆಲದ ಮೇಲೆ ಹಾಕಿ ಕೂತಿದ್ದರೂ ಅವರು "ಕೂತ್ಕಳ್ಲಾ ಸರ್ಯಾಗಿ, ಮಗು ಅಲ್ವಾ ನೀನು" ಅಂತ ಗದರಿದರಲ್ಲ. ಆ ಮಾತಿಗೆ ನನಗೆ ಅಳು ಬಂತು, ನೀವೆಲ್ಲ ಕ್ಷೌರದ ಕತ್ತಿಯ ಉರಿ ಅಂದುಕೊಂಡಿರಿ.

ಒಂದು ವಿಷಯ ನಿನಗೆ ಹೇಳಿಲ್ಲ. ಮುಡಿ ಕೊಟ್ಟ ಮಾರನೇ ಬೆಳಗ್ಗೆ ನಾನು ಜಗುಲಿಯ ಮೇಲೆ ಲುಂಗಿಯುಟ್ಟು ಕೂತಿದ್ದೆ. ಹೊಳೆನರಸೀಪುರದಿಂದ ಸ್ಪಂದನಾ ಅಂತ ಒಬ್ಬ ಕಾಲೇಜು ಹುಡುಗಿ ಬಂದಳು. ಕೈ ಮೇಲೆ ನನ್ನದೇ ಮುಖದ ಹಚ್ಚೆ. "ಅಣ್ಣಾ, ಸ್ವಲ್ಪ ಆ ಕಡೆ ಜರುಗ್ತೀರಾ? ಬಾಗ್ಲು ಪೂರ್ತಿ ಬರ್ಬೇಕು" ಅಂದಳು. ಜರುಗಿದೆ. ಆಮೇಲೆ ಫೋನ್ ಕೈಗಿತ್ತು ನೀವೇ ತೆಗೀರಿ ಅಂದಳು. ತೆಗೆದೆ. ಥ್ಯಾಂಕ್ಸ್ ಅಣ್ಣಾ ಅಂತ ಹೇಳಿ ಹೋದಳು. ಅಷ್ಟು ನೆಮ್ಮದಿಯಾಗಿ ನಾನು ಯಾರ ಮುಂದಾದರೂ ನಿಂತು ಎಷ್ಟು ವರ್ಷವಾಗಿತ್ತೋ. ಅವಳು ಹೋದ ಮೇಲೆ ಸ್ವಲ್ಪ ಬೇಜಾರೂ ಆಯಿತು, ಅದನ್ನೂ ಹೇಳಿಬಿಡುತ್ತೇನೆ.

ನಾನು ವಾಪಸ್ ಬಂದದ್ದಕ್ಕೆ ನಿನಗೆ ಸಿಟ್ಟು. ಕಳ್ಳನ ಹಾಗೆ ಓಡಿಹೋಗುವುದು ಬೇಡ, ಲೆಕ್ಕ ಮುಗಿಸಿ ಬರೋಣ ಅನ್ನಿಸಿತು. ಬೋಳುತಲೆಯ ಜಟಣ್ಣನನ್ನು ಇಟ್ಟುಕೊಂಡು ಇವರು ಏನು ಮಾಡುತ್ತಾರೆ? ತಾವಾಗಿಯೇ ಬಿಡುತ್ತಾರೆ. ಅವ್ವನ ರೊಟ್ಟಿಗೆ ಹೇಳಿಡು.

ಮಂಜ


ಮಲ್ಲಿಪಟ್ಟಣ
16 ಜೂನ್ 2025

ಮಂಜ,

ಒಂದು ಒಳ್ಳೆಯ ಸುದ್ದಿ. ನಿನ್ನ ಮುಡಿಯನ್ನು ಅವ್ವ ಅರಿಶಿನದ ಬಟ್ಟೆಯಲ್ಲಿ ಗಂಟು ಕಟ್ಟಿ ದೇವರ ಮಾಡಿನಲ್ಲಿ ಇಟ್ಟಿದ್ದಳಲ್ಲ. ಹರಿಯುವ ನೀರಿಗೇ ಬಿಡಬೇಕು, ನಾಲೆಗೆ ನೀರು ಬಿಟ್ಟಿಲ್ಲ ಅಂತ ಕಾಯುತ್ತಿದ್ದಳು. ಹೊಳೆದಂಡೆಗೆ ಒಯ್ಯೋಣ ಅಂದರೆ, ನಮ್ಮ ಬೀರಪ್ಪನ ಪಾದ ತೊಳೆಯುವ ನೀರೇ ಆಗಬೇಕು ಅಂತ ಹಟ.

ಮೊನ್ನೆ ಪಾಲಾಕ್ಷ ಬಂದಿದ್ದ. ನಾನು ಅಂಗನವಾಡಿಯಿಂದ ಬರುವಷ್ಟರಲ್ಲಿ ಅವ್ವನ ಮುಂದೆ ಚಕ್ಕಂಬಕ್ಕಳ ಹಾಕಿ ಕೂತು ಮುದ್ದೆ ಉಣ್ಣುತ್ತಿದ್ದ. ಕಾಲಿಗೂ ಬಿದ್ದನಂತೆ. "ಅವ್ವಾ, ನಾನು ಕಾಶಿಗ್ ಒಂಟಿವ್ನಿ. ಮುಡಿ ಕೊಡಿ, ನಿಮ್ಮಗನ ಎಸ್ರೇಳಿ ಗಂಗೆಗೇ ಬುಟ್ಬತ್ತೀನಿ" ಅಂದನಂತೆ. ಅವ್ವನಿಗೆ ಇನ್ನೇನು ಬೇಕು? "ನಾಲೆ ಎಲ್ಲಿ, ಗಂಗೆ ಎಲ್ಲಿ! ಬೀರಪ್ಪನೂ ಒಪ್ಕತಾನೆ" ಅಂತ ಗಂಟು ತೆಗೆದು ಅವನ ಕೈಗಿಟ್ಟಳು. ಅವನು ಎರಡು ಕೈಯಲ್ಲೂ ಹಿಡಿದು ಕಣ್ಣಿಗೊತ್ತಿಕೊಂಡ.

ನನಗೆ ಆ ಕ್ಷಣ ಯಾಕೋ ಇರುಸುಮುರುಸಾಯಿತು. ಆದರೆ ಅವನು ಹೋದ ಮೇಲೆ ಅವ್ವ ಕಿಟಕಿ ತೆರೆದಳು, ಮಂಜ. ಜಗುಲಿಗೆ ಹೋಗಿ ಎಲೆಯಡಿಕೆ ಹಾಕಿಕೊಂಡಳು. ಯಾರೋ ವಿಡಿಯೋ ಮಾಡಿದರು, "ಮಾಡ್ಕಳ್ಳಿ ಬುಡೆ" ಅಂದಳು. ಅವಳು ಅಷ್ಟು ಹಗುರಾಗಿದ್ದನ್ನು ಅಪ್ಪ ಹೋದ ಮೇಲೆ ನಾನು ಕಂಡಿರಲಿಲ್ಲ. ಅದಕ್ಕೇ ನನ್ನ ಅನುಮಾನವನ್ನು ನುಂಗಿಕೊಂಡೆ.

ಬಿಡುವ ಮಾತು ಎಲ್ಲಿಗೆ ಬಂತು? ಬರೆ.

ಅಕ್ಕ


ಮೊಸಳೆ
6 ಜುಲೈ 2025

ಅಕ್ಕ,

ನಿನ್ನ ಕಾಗದ ಓದುವ ಮೊದಲೇ ನನಗೆ ಗೊತ್ತಾಗಿತ್ತು.

ಹೋದ ವಾರ ಒಂದು ಪೆಟ್ಟಿಗೆ ಬಂತು. ವಿಗ್ ಮಾಡುವವನು ಬಂದು ತಲೆ ಅಳೆದು, ತೆಳ್ಳನೆಯ ಬಲೆಗೆ ಹೆಣೆದ ಕೂದಲನ್ನು ಕೂರಿಸಿದ. ಕನ್ನಡಿಯಲ್ಲಿ ಜಟಣ್ಣ ಎದ್ದು ಕೂತ. ಚೂರೂ ವ್ಯತ್ಯಾಸವಿಲ್ಲ. ಇಷ್ಟು ಚೆನ್ನಾಗಿ ಹೇಗೆ ಹೊಂದಿತು ಅಂತ ಬೆರಗಾಗಿ ತಲೆ ಬಗ್ಗಿಸಿದೆ, ಕೂದಲು ಮುಖದ ಮೇಲೆ ಬಿತ್ತು. ಅರಿಶಿನದ ವಾಸನೆ ಬಂತು. ಎಷ್ಟು ಶಾಂಪೂ ಹಾಕಿದ್ದರೋ ಏನೋ, ಅವ್ವನ ಅರಿಶಿನ ಹೋಗಿಲ್ಲ.

ಪಾಲಾಕ್ಷನ ಕಡೆ ನೋಡಿದೆ. "ಬೇರೆಯವ್ರ ಕೂದ್ಲು ನಿಮ್ಗೆ ಒಪ್ಪಲ್ಲ ಸಾ" ಅಂದ, ಏನೋ ಉಪಕಾರ ಮಾಡಿದವನ ಹಾಗೆ. ಕಿತ್ತೆಸೆಯಬೇಕು ಅನ್ನಿಸಿತು. ಹಿಂದೆ ಬ್ಯಾಂಡಿನ ಹುಡುಗರು ನಿಂತಿದ್ದರು. ಡ್ರಮ್ಸಿನ ರವೀಶನ ಹೆಂಡತಿಗೆ ಈಗ ಒಂಬತ್ತು ತಿಂಗಳು. ಕೈ ಮೇಲಕ್ಕೆ ಹೋಗಲಿಲ್ಲ.

ಬಲೆ ಸರಿಯಾಗಿ ಕೂರಬೇಕಾದರೆ ಕೆಳಗೆ ಕೂದಲು ಚಿಗುರಬಾರದು. ಅದಕ್ಕೆ ದಿನಾ ಬೆಳಗ್ಗೆ ಒಬ್ಬ ಬಂದು ತಲೆ ನುಣ್ಣಗೆ ಬೋಳಿಸುತ್ತಾನೆ. ಬೀರಪ್ಪನಿಗೆ ಒಂದು ಸಲ ಮುಡಿ ಕೊಡಲು ಇಷ್ಟು ವರ್ಷ ಬೇಕಾಯಿತು. ಇವರಿಗೆ ದಿನಾ ಕೊಡುತ್ತಿದ್ದೇನೆ.

ಅವ್ವನಿಗೆ ಹೇಳಬೇಡ. ಅವಳ ಕಿಟಕಿ ತೆರೆದೇ ಇರಲಿ. ತಿಂಗಳ ಕೊನೆಗೆ ಹಾಸನದಲ್ಲಿ ದೊಡ್ಡ ಶೋ ಇದೆ. ಏನೇ ಆದರೂ ಅವಳನ್ನು ಕರೆತರಬೇಡ.

ಮಂಜ


ಮೊಸಳೆ
29 ಜುಲೈ 2025

ಅಕ್ಕ,

ಕರೆತರಬೇಡ ಅಂತ ಬರೆದಿದ್ದೆನಲ್ಲ? ಪಾಲಾಕ್ಷ "ಈಗ ಜಟಣ್ಣನ ಹೆತ್ತಮ್ಮ" ಅಂತ ಕೂಗಿದಾಗ ನನ್ನ ಕೈಯಿಂದ ಮೈಕು ಜಾರಿತು. ಅವ್ವ ಹೊಸ ಸೀರೆಯಲ್ಲಿ, ಆ ಬಣ್ಣದ ದೀಪಗಳಲ್ಲಿ, ಹೊಸಲು ದಾಟುವವಳ ಹಾಗೆ ಸೀರೆ ಎತ್ತಿ ಹಿಡಿದು ನಡೆದು ಬಂದಳು. ಮೈದಾನವೆಲ್ಲ "ಅವ್ವಾ, ಅವ್ವಾ" ಅಂತ ಕೂಗುತ್ತಿತ್ತು. ನಾನು ಮಂಡಿಯೂರಿದೆ. ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆಯೇ ಅವಳು ಬಗ್ಗಿ ನನ್ನ ನೆತ್ತಿ ಮೂಸಿದಳು.

ಮೂಸಿ ಹಾಗೇ ನಿಂತಳು. ಆಮೇಲೆ ಕಿವಿಯ ಹತ್ತಿರ ಏನೋ ಹೇಳಿದಳು. ಆ ಗದ್ದಲದಲ್ಲಿ ಕೇಳಿಸಲಿಲ್ಲ. ಅಷ್ಟರಲ್ಲಿ ಪಟಾಕಿ ಸಿಡಿಸಿದರು, ಅವಳನ್ನು ಕೆಳಗಿಳಿಸಿದರು.

ಏನು ಹೇಳಿದಳು? ಕೇಳಿ ಬರೆ. ಬೇಗ ಬರೆ.

ಮಂಜ


ಮಲ್ಲಿಪಟ್ಟಣ
4 ಆಗಸ್ಟ್ 2025

ಮಂಜ,

ನಾನು ಅಂಗನವಾಡಿಯಲ್ಲಿದ್ದಾಗ ಕಾರು ಬಂದಿತ್ತು, ಸೀರೆಯೂ ಬಂದಿತ್ತು. ಮನೆಗೆ ಬರುವಷ್ಟರಲ್ಲಿ ಅವ್ವ ಸೀರೆಯುಟ್ಟು ಕಾರಿನಲ್ಲಿ ಕೂತಾಗಿತ್ತು. "ಮಗನ್ನ ನೋಡ್ಬ್ಯಾಡ ಅಂತೀಯೇನೆ?" ಅಂದಳು. ನಾನೂ ಹತ್ತಿ ಪಕ್ಕದಲ್ಲಿ ಕೂತೆ.

ವಾಪಸ್ ಬರುವಾಗ ದಾರಿಯುದ್ದಕ್ಕೂ ಅವಳು ತನ್ನ ಬೆರಳು ಮೂಸಿಕೊಳ್ಳುತ್ತಿದ್ದಳು. ಮನೆಗೆ ಬಂದು ಕಿಟಕಿ ಮುಚ್ಚಿದಳು. ಪಾಲಾಕ್ಷನನ್ನು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ನಿನ್ನ ಕಾಗದ ಬಂದ ಮೇಲೆ ಕೇಳಿದೆ, ಆವತ್ತು ಮಗನಿಗೆ ಏನಂದೆ ಅಂತ. ಅಕ್ಕಿ ಆರಿಸುತ್ತಿದ್ದಳು, ತಲೆಯೆತ್ತದೆ ಹೇಳಿದಳು.

"ಇದು ಬೀರಪ್ಪಂದು ಕಣ್ಮಗಾ, ತಗದ್ಬುಡು. ಕತ್ತು ನೋಯ್ತದೆ, ಅಂದೆ."

ಅಷ್ಟೇ ಮಂಜ.

ನಾಲೆಗೆ ನೀರು ಬಿಟ್ಟಿದ್ದಾರೆ.

ಅಕ್ಕ


ಮೊಸಳೆ
19 ಆಗಸ್ಟ್ 2025

ಅಕ್ಕ,

ಈ ಕಾಗದವನ್ನೂ ಗಂಟನ್ನೂ ಮಾದಮ್ಮ ತಾನೇ ತಂದು ಕೊಡುತ್ತಾಳೆ. ಅವಳಿಗೆ ಊಟ ಹಾಕಿ ಕಳಿಸು.

ಬಲೆಯಿಂದ ಎಳೆ ಎಳೆ ಬಿಡಿಸಿದ್ದೇನೆ, ಕಂಪನಿಯ ದಾರ ಒಂದೂ ಉಳಿದಿಲ್ಲ. ಅವ್ವನ ಕೈಯಲ್ಲೇ ನೀರಿಗೆ ಬಿಡಿಸು. ಮಾವನನ್ನೂ ಕರೆಸು, ತೊಡೆ ಕೊಟ್ಟವರು ಅಲ್ಲಿರಬೇಕು.

ಕದ್ದು ಕಳಿಸುತ್ತಿಲ್ಲ. ಪಾಲಾಕ್ಷನನ್ನು ಕೇಳಿಯೇ ಪಡೆದೆ. ಅವನು ಕೂಡಲೇ ಒಪ್ಪಿದ. ಮೇಜಿನ ಮೇಲೆ ಕಾಗದ ಇಟ್ಟ, ಕರಾರನ್ನು ಇನ್ನೂ ಮೂರು ವರ್ಷ ಮುಂದುವರಿಸುವುದು. ಸಹಿ ಹಾಕಿ ಗಂಟು ಬಿಡಿಸಿಕೊಂಡೆ. ಬೈಯಬೇಡ ಅಕ್ಕ. ಅವ್ವನ ಕಿಟಕಿ ಮುಚ್ಚಿದ್ದನ್ನು ನಾನು ತಡೆದುಕೊಳ್ಳಲಾರೆ.

ಹೊಸ ವಿಗ್ ಆಗಲೇ ಬಂದಿದೆ. ಅದೂ ಚೆನ್ನಾಗಿಯೇ ಕೂರುತ್ತದೆ. ಯಾರ ಕೂದಲು ಅಂತ ಕೇಳಿದೆ. ಯಾವುದೋ ದೇವಸ್ಥಾನದ ಮುಡಿ ಹರಾಜಿನಲ್ಲಿ ಕೊಂಡದ್ದಂತೆ. ದಿನಾ ಸಂಜೆ ಅದನ್ನು ತಲೆಯ ಮೇಲೆ ಇಡುವಾಗ, ಯಾವ ತಾಯಿ ಯಾವ ಜ್ವರಕ್ಕೆ ಹೆದರಿ ಹೊತ್ತ ಹರಕೆಯೋ ಅಂತ ಮೂಸಿ ನೋಡುತ್ತೇನೆ. ಶಾಂಪೂ ವಾಸನೆ ಬಿಟ್ಟು ಏನೂ ಇಲ್ಲ.

ಇದನ್ನೆಲ್ಲ ಅವ್ವನಿಗೆ ಓದಬೇಡ. ಮಂಜ ತಗದ್ಬುಟ್ಟ ಅಂತ ಮಾತ್ರ ಹೇಳು.

ನಿನ್ನ ತಮ್ಮ,
ಮಂಜೇಶ